ಟಿಕೆಟ್ ಜೊತೆ ಸಿಕ್ಕಿದ ಕಾರ್ಡುಗಳು

ನನ್ನ ಸಂಗ್ರಹದ ಮೊದಲ ಕಾರ್ಡಿಗೆ ನಾನು ದುಡ್ಡು ಕೊಟ್ಟಿಲ್ಲ. 1999ರ ನವೆಂಬರ್. ನಾವಾಗ ನ್ಯೂಜೆರ್ಸಿಯಲ್ಲಿದ್ದೆವು. ಅಪ್ಪ ನನ್ನನ್ನೂ ತಮ್ಮನನ್ನೂ ಪೋಕೆಮಾನ್ ಅನ್ನುವ ಜಪಾನಿ ಕಾರ್ಟೂನಿನ ಮೊದಲ ಸಿನಿಮಾಕ್ಕೆ ಕರೆದುಕೊಂಡು ಹೋದರು. ಥಿಯೇಟರಿನವರು ಟಿಕೆಟ್ ಜೊತೆ ಪೋಕೆಮಾನ್ ಆಟದ ಒಂದೊಂದು ಕಾರ್ಡು ಕೈಗಿಟ್ಟರು. ಇಬ್ಬರಿಗೂ ಎಲೆಕ್ಟಬಜ್ ಅನ್ನುವ ಪಾತ್ರದ ಕಾರ್ಡು! ಮ್ಯೂಟು, ಪಿಕಾಚು, ಡ್ರಾಗನೈಟ್ ಕೂಡ ಇವೆ ಅಂತ ಸ್ಕೂಲ್ ಬಸ್ಸಿನಲ್ಲಿ ಗೊತ್ತಾಯಿತು. ಅದಲುಬದಲು ಮಾಡಿ ಪಿಕಾಚು ಗಿಟ್ಟಿಸಿದೆ.

ಉಳಿದವು ಸಿಕ್ಕಿದ್ದು ಸಂಬಳ ಬರತೊಡಗಿದ ಮೇಲೆ. ಇವನ್ನು ಬಿಡಿಬಿಡಿಯಾಗಿ ಹುಡುಕಬೇಡಿ. ಯಾರೋ ಮನೆ ಖಾಲಿ ಮಾಡುವಾಗ ಮಾರುವ ಹಳೆಯ ಕಾರ್ಡುಗಳ ಡಬ್ಬದಲ್ಲೇ ನನಗೆ ಸಿಕ್ಕಿದವು. ಚಿತ್ರದ ಕೆಳಗೆ ಬಲಗಡೆ ಕಪ್ಪು ನಕ್ಷತ್ರ, ಅದರೊಳಗೆ 'ಪ್ರೋಮೋ' (ಪ್ರಚಾರಕ್ಕೆ ಹಂಚಿದ್ದು) ಅನ್ನುವ ಅಕ್ಷರ, ಮೂಲೆಯಲ್ಲಿ 2ರಿಂದ 5ರೊಳಗಿನ ನಂಬರು ಇದೆಯಾ ನೋಡುತ್ತೇನೆ. ಆಗ ಇವನ್ನು ರಾಶಿರಾಶಿ ಹಂಚಿದ್ದರು. ಹಾಗಾಗಿ ಬೆಲೆ ಜಾಸ್ತಿ ಹೇಳಿದರೆ ಸುಮ್ನೆ ವಾಪಸ್ ಬರುತ್ತೇನೆ.

ನನಗೆ ತುಂಬ ಇಷ್ಟದ್ದು 2000ದ ಎರಡನೇ ಸಿನಿಮಾದ ಜೊತೆ ಕೊಟ್ಟ 'ಏನ್ಷಿಯಂಟ್ ಮ್ಯೂ', ಅಂದರೆ ಮ್ಯೂ ಅನ್ನುವ ಪೋಕೆಮಾನ್ ಇರುವ ಕಾರ್ಡು. ಇಡೀ ಕಾರ್ಡು ಮಿನುಗುತ್ತದೆ. ಮೇಲಿರುವುದು ಶಾಸನದಂಥ ಲಿಪಿ. ಬೆನ್ನಿನ ಚಿತ್ರವೂ ಮಾಮೂಲಿ ಕಾರ್ಡಿನದ್ದಲ್ಲ, ಆದ್ದರಿಂದ ಪಂದ್ಯಗಳಲ್ಲಿ ಆಡುವಂತಿಲ್ಲ. ಜಪಾನಿನಲ್ಲಿ ಇದು ಒಂದು ವರ್ಷ ಮೊದಲೇ ಬಂದಿತ್ತು. ಅಲ್ಲಿನ ಮೊದಲ ಮುದ್ರಣದಲ್ಲಿ 'ನಿಂಟೆಂಡೊ' ಅನ್ನುವ ಕಂಪನಿಯ ಹೆಸರಿನ ಒಂದು ಅಕ್ಷರವೇ ಬಿಟ್ಟುಹೋಗಿ 'ನಿಂಟೆಡೊ' ಆಗಿದೆ. ಆ ತಪ್ಪಿರುವ ಕಾರ್ಡಿಗೇ ಸಂಗ್ರಹಕಾರರು ಮುಗಿಬೀಳುತ್ತಾರೆ. ಕೊಳ್ಳುವ ಮೊದಲು ಕೆಳಗಿನ ಸಣ್ಣಕ್ಷರದ ಹತ್ತಿರದ ಫೋಟೋ ಕೇಳಿ ತರಿಸಿಕೊಳ್ಳಿ.

ಈಗ ಮಂಗಳೂರಿನಲ್ಲಿದ್ದೇನೆ. ಮಳೆಗಾಲ ಈ ಕಾರ್ಡುಗಳಿಗೆ ಶತ್ರು. ಕಾಗದ ತೇವ ಹೀರುತ್ತದೆ, ಅದರ ಮೇಲೆ ಅಂಟಿಸಿದ ಮಿನುಗುವ ಹಾಳೆ ಹೀರುವುದಿಲ್ಲ. ಕಾರ್ಡು ಹಪ್ಪಳದ ಹಾಗೆ ಬಾಗುತ್ತದೆ. ಒಣಗಿದ ದಿನ ನೋಡಿ ತೆಳು ಪ್ಲಾಸ್ಟಿಕ್ ಕವರಿಗೆ ಹಾಕುತ್ತೇನೆ. ಮೇಲೆ ಗಟ್ಟಿ ಕವರು. ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಕ್ಕೆ. ಪೊಟ್ಟಣ ಆಗಾಗ ಬದಲಿಸಬೇಕು.

ಸೀಲ್ ಒಡೆಯದ ಮ್ಯೂ ಎರಡಿದ್ದವು. ಒಂದನ್ನು ಮಗಳಿಗಾಗಿ ಒಡೆದೆ. ಬೆಲೆ ಕಡಿಮೆಯಾಗುತ್ತದೆ, ನಿಜ. ಆದರೆ ಮಕ್ಕಳ ಕೈಗೆ ಕೊಡಲೆಂದೇ ಮಾಡಿದ ಕಾರ್ಡು ಅಲ್ವಾ? ಆ ಲಿಪಿಯ ಒಂದೊಂದು ಗುರುತಿಗೂ ಒಂದು ಇಂಗ್ಲಿಷ್ ಅಕ್ಷರ ಇದೆ. ಇಬ್ಬರೂ ಕೂತು ಬಿಡಿಸಿದೆವು. 30 ಎಚ್‌ಪಿ (ಎಷ್ಟು ಪೆಟ್ಟು ತಾಳುತ್ತದೆ ಅನ್ನುವ ಲೆಕ್ಕ), 40 ಪೆಟ್ಟಿನ ಒಂದು ದಾಳಿ. ಮಗಳು ಅದೇ ಲಿಪಿಯಲ್ಲಿ ತನ್ನ ಹೆಸರು ಬರೆದು ಡಬ್ಬದ ಮುಚ್ಚಳಕ್ಕೆ ಅಂಟಿಸಿದ್ದಾಳೆ.