ಗೋಲ್ಡಿಯನ್ ತರೋ ಮುಂಚೆ ಹತ್ತು ತಿಂಗಳ ತಾಲೀಮು: ನನ್ನ ಅನುಭವ

ಜೀಬ್ರಾ ಫಿಂಚ್ ಅನ್ನೋ ಪುಟ್ಟ ಪಂಜರದ ಹಕ್ಕೀನ ಮೂರು ವರ್ಷ ಸಾಕಿದ್ದೀನಿ, ಇನ್ನು ಅದಕ್ಕಿಂತ ನಾಜೂಕಾದ ಬಣ್ಣಬಣ್ಣದ ಗೋಲ್ಡಿಯನ್ ಫಿಂಚ್ ತರಬಹುದಾ ಅಂತ ಕೇಳೋರಿಗೆ ನನ್ನದು ಒಂದೇ ಮರುಪ್ರಶ್ನೆ: ನಿಮ್ಮ ಹಕ್ಕಿ ಇವತ್ತು ಬೆಳಿಗ್ಗೆ ಎಷ್ಟು ಗ್ರಾಂ ಇತ್ತು? ಜೀಬ್ರಾ ನಮ್ಮ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕ್ಕೊಂಡು ಮರಿ ಮಾಡುತ್ತೆ. ಅದರ ಮೇಲೆ ವರ್ಷ ಎಣಿಸಿದ್ರೆ ನಮ್ಮ ಸಾಕಣೆ ಬಗ್ಗೆ ಏನೂ ಗೊತ್ತಾಗಲ್ಲ. ಶಿವಾಜಿನಗರದ ಕಡೆ ಹಕ್ಕಿ ಮಾರೋರು, ನನಗಿಂತ ಹಳಬರು ಎಲ್ಲರೂ ಒಂದೇ ರಾಗ ಹಾಡಿದ್ರು: ಬೆಂಗಳೂರಿನ ಚಳಿಗೆ ಗೋಲ್ಡಿಯನ್ ನಿಲ್ಲಲ್ಲ, ರೂಮ್ ಹೀಟರ್ ಬೇಕೇ ಬೇಕು. ಹೀಟರ್ ಇಲ್ಲದೆ ಎರಡು ಚಳಿಗಾಲ ದಾಟಿದೆ. ತಂದ ಎರಡು ಜೋಡೀಲಿ ಒಂದು ಹಕ್ಕೀನೂ ಹೋಗಿಲ್ಲ, ಹನ್ನೊಂದು ಮರಿ ಬೆಳೆದು ಪೂರ್ತಿ ಬಣ್ಣಕ್ಕೆ ಬಂದಿವೆ. ಅದಕ್ಕೇ ಬರೀತಿದ್ದೀನಿ.

ಉಪಾಯ ಇಷ್ಟೇ. ನಾಲ್ಕು ಬೆಂಗಾಲೀಸ್ (ಸುಲಭವಾಗಿ ಸಾಕಬಹುದಾದ ಇನ್ನೊಂದು ಪುಟ್ಟ ಫಿಂಚ್) ಇಟ್ಕೊಂಡು, ಅವೇ ಗೋಲ್ಡಿಯನ್ ಅಂದ್ಕೊಂಡು ಜೂನ್‌ನಿಂದ ಏಪ್ರಿಲ್‌ವರೆಗೆ ಸಾಕೋದು. ಆಷಾಢದ ಗಾಳಿ, ದೀಪಾವಳಿ ಪಟಾಕಿ, ಧನುರ್ಮಾಸದ ಚಳಿ, ಏಪ್ರಿಲ್ ಬಿಸಿಲು ಎಲ್ಲ ಅದರೊಳಗೆ ಬರುತ್ತೆ. ಕಾಯಿಲೆ ಬಿದ್ದ ಹಕ್ಕಿ ಗರಿ ಉಬ್ಬಿಸಿ ಕೂರೋಕೆ ಮುಂಚೆಯೇ, ತಕ್ಕಡೀಲಿ ತೂಕ ಇಳಿದದ್ದು ನೋಡಿ ಕಾಯಿಲೆ ಪತ್ತೆ ಮಾಡೋದು ಸತತ ಮೂರು ಸಲ ಆದ್ರೆ ಪಾಸ್. ನಾನು ಮೊದಲ ಎರಡು ಸಲ ಫೇಲ್, ಆಮೇಲಿನ ಮೂರೂ ಸರಿಹೋದವು.

ತಕ್ಕಡಿ ಅಂದ್ರೆ ಒಡವೆ ತೂಗೋ ಪಾಕೆಟ್ ತಕ್ಕಡಿ, 0.1 ಗ್ರಾಂ ತೋರಿಸೋದು, ಐನೂರು ರೂಪಾಯಿ ಆಸುಪಾಸು. ಅದರ ತಟ್ಟೆ ಮೇಲೆ ಐಸ್‌ಕ್ರೀಮ್ ಕಡ್ಡಿಗಳಿಂದ ಮಾಡಿದ ಟಿ ಆಕಾರದ ಕೂರುಗೋಲು ಅಂಟಿಸಿ, ಕಾಳಿನ ಬಟ್ಟಲಿನ ಮುಂದೆ ಇಟ್ಟು, ಆ ಬಟ್ಟಲಿಗೆ ಬೇರೆ ದಾರಿ ಇಲ್ಲದ ಹಾಗೆ ಮಾಡಬೇಕು. ಬೆಳಿಗ್ಗೆ ಕಾಳು ಹಾಕಿದ ಮೊದಲ ಹತ್ತು ನಿಮಿಷದಲ್ಲಿ ನಾಲ್ಕೂ ತಾವಾಗೇ ಹತ್ತಿ ಇಳೀತವೆ. ಕೈಯಲ್ಲಿ ಹಿಡಿಯೋ ಗೋಜೇ ಇಲ್ಲ. ಕಾಲಿಗೆ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ರಿಂಗ್ ಇದ್ರೆ ಯಾವುದು ಯಾವುದು ಅಂತ ದೂರದಿಂದಲೇ ಬರ್ಕೋಬಹುದು. ಎರಡು ತೊಂದರೆ ಖಂಡಿತ ಬರುತ್ತೆ. ಫ್ಯಾನ್ ಗಾಳಿಗೆ ಅಂಕಿ ಕುಣಿಯುತ್ತೆ, ಆ ಹತ್ತು ನಿಮಿಷ ಫ್ಯಾನ್ ಆರಿಸಿ. ಇನ್ನೊಂದು, ಈ ತಕ್ಕಡಿಗಳು ಒಂದೆರಡು ನಿಮಿಷಕ್ಕೆ ತಾವೇ ಆಫ್ ಆಗ್ತವೆ. ಅದನ್ನ ತಪ್ಪಿಸೋಕೆ ಒಂದು ಕಿತಾಪತಿ ಮಾಡಿದ್ದೀನಿ, ಅದು ಸದ್ಯಕ್ಕೆ ನನ್ನ ಹತ್ರವೇ ಇರಲಿ.

ನನ್ನ ಬೆಂಗಾಲೀಸ್ 14ರಿಂದ 16 ಗ್ರಾಂ ಒಳಗೆ ಆಡ್ತಿದ್ವು, ಗೋಲ್ಡಿಯನ್ನೂ ಹೆಚ್ಚು ಕಮ್ಮಿ ಅಷ್ಟೇ. ಸಂಜೆಯಿಂದ ಬೆಳಿಗ್ಗೆಗೆ ಒಂದು ಗ್ರಾಂ ಇಳಿಯೋದು ಮಾಮೂಲು, ಹಾಗಾಗಿ ಬೆಳಗಿನ ತೂಕವನ್ನ ಬೆಳಗಿನ ತೂಕದ ಜೊತೆಗೇ ಹೋಲಿಸಬೇಕು. ನನ್ನ ಮೊದಲ ಎರಡು ಸೋಲಿಗೆ ಕಾರಣ ಇದೇ. ಸಂಜೆ ತೂಕ, ಬೆಳಗಿನ ತೂಕ ಒಂದೇ ಪುಟದಲ್ಲಿ ಕಲಸಿಬಿಟ್ಟಿದ್ದೆ, ನಿಜವಾದ ಇಳಿತ ಅದರಲ್ಲಿ ಮುಚ್ಚಿಹೋಯ್ತು. ಎರಡು ಬೆಳಗಿನ ನಡುವೆ ಒಂದೂವರೆ ಗ್ರಾಂ ಇಳಿದ್ರೆ ಹಕ್ಕಿ ಎಷ್ಟೇ ಚಟುವಟಿಕೆಯಿಂದ ಇರಲಿ, ತೆಗೆದು ಕಾಯಿಲೆ ಪೆಟ್ಟಿಗೆಗೆ.

ಆ ಪೆಟ್ಟಿಗೆ ಮೊದಲೇ ತಯಾರಿರಬೇಕು. ಪ್ಲೈವುಡ್, ಮುಂದೆ ಅಕ್ರಿಲಿಕ್ ಬಾಗಿಲು, ಗಾಳಿಗೆ ನಾಲ್ಕು ತೂತು, ಒಳಗೆ 40 ವ್ಯಾಟಿನ ಹಳೇ ತಂತಿ ಬಲ್ಬು. ಎಲ್ಲೆಲ್ಲೂ ಎಲ್ಇಡಿ ಬಂದ ಮೇಲೆ ಈ ಬಲ್ಬಿಗೆ ಚಿಕ್ಕಪೇಟೆ ಸುತ್ತಬೇಕಾಯ್ತು. ಫ್ಯಾನ್ ರೆಗ್ಯುಲೇಟರ್ ಸೇರಿಸಿದ್ರೆ 30ರಿಂದ 32 ಡಿಗ್ರಿಗೆ ನಿಲ್ಲಿಸಬಹುದು. ರಾತ್ರಿಯೆಲ್ಲ ಅಷ್ಟು ಬೆಳಕಿದ್ರೆ ಹಕ್ಕಿ ಮಲಗಲ್ಲ. ಬಲ್ಬಿನ ಮೇಲೆ ತಳದಲ್ಲಿ ತೂತಿರೋ ಚಿಕ್ಕ ಮಣ್ಣಿನ ಕುಂಡ ಬೋರಲು ಹಾಕಿ, ಬೆಳಕು ತಡೆಯುತ್ತೆ, ಬಿಸಿ ಬರುತ್ತೆ. ಪೆಟ್ಟಿಗೆಗೆ ಒಟ್ಟು ಸಾವಿರದ ಇನ್ನೂರು ಬಿದ್ದಿರಬಹುದು.

ಕಾಳಿನ ವಿಷಯದಲ್ಲಿ ನನಗೆ ಹೆಚ್ಚು ದುಡ್ಡು ಹೋಯ್ತು. ಸಿರಿಧಾನ್ಯ ಫ್ಯಾಷನ್ ಆದ ಮೇಲೆ ಅಂಗಡೀಲಿ ಸಿಗೋದೆಲ್ಲ ಹೊಟ್ಟು ತೆಗೆದ ನವಣೆ ಅಕ್ಕಿ, ಸಾಮೆ ಅಕ್ಕಿ. ಅದು ಮೊಳಕೆ ಒಡೆಯಲ್ಲ, ಬೇಗ ಮುಗ್ಗುತ್ತೆ. ಹತ್ತು ಕೇಜಿ ಕೊಂಡು ಬಿಸಾಕಿದ್ದೀನಿ. ಹೊಟ್ಟಿರೋ ಕಾಳು ಬೇಕಾದ್ರೆ ಯಶವಂತಪುರ ಯಾರ್ಡಿನಲ್ಲಿ ವಿಚಾರಿಸಿ, ಇಲ್ಲಾ ಬೆಳೆಯೋರ ಹತ್ರ ನೇರ ತಗೊಳ್ಳಿ. ನೂರು ಕಾಳು ಎಣಿಸಿ ಒದ್ದೆ ಬಟ್ಟೇಲಿ ಕಟ್ಟಿಡಿ. ಮೂರು ದಿನಕ್ಕೆ ಎಂಬತ್ತೈದು ಮೊಳಕೆ ಬರದಿದ್ರೆ ಆ ಚೀಲ ಮನೆಗೆ ಬೇಡ. ನನ್ನ ಮಿಶ್ರಣ ನವಣೆ ನಾಲ್ಕು ಪಾಲು, ಬರಗು ಎರಡು, ಕ್ಯಾನರಿ ಸೀಡ್ ಎರಡು, ಊದಲು ಒಂದು, ಹುಚ್ಚೆಳ್ಳು ಚಿಟಿಕೆ. ಕ್ಯಾನರಿ ಸೀಡ್ ಹೊರದೇಶದ್ದು, ರೇಟು ಮೂಗಿನ ಮೇಲೆ ಬೆರಳಿಡೋ ಹಾಗಿರುತ್ತೆ. ಆದ್ರೂ ಪೂರ್ತಿ ಬಿಡಬೇಡಿ. ನೆನೆಸಿದ ಕಾಳು ಮಳೆಗಾಲದಲ್ಲಿ ಅರ್ಧ ದಿನಕ್ಕೇ ಹುಳಿ ವಾಸನೆ ಬರುತ್ತೆ. ಮೂರು ಸಲ ತೊಳೆದು ಕೊಟ್ಟು, ಎರಡು ಗಂಟೇಲಿ ವಾಪಸ್ ತೆಗೀಬೇಕು. ಈ ಶಿಸ್ತು ವಾರಕ್ಕೆ ನಾಲ್ಕು ದಿನ ಪಾಲಿಸೋಕೆ ಆಗದವರು ಗೋಲ್ಡಿಯನ್ ಯೋಚನೆ ಮುಂದಕ್ಕೆ ಹಾಕೋದು ವಾಸಿ.

ಇದರ ನಡುವೆ ಎರಡು ಪ್ರಯೋಗ ಮಾಡಿ ನೋಡಿದೆ. ರಾಗಿ ಮೊಳಕೆ: ಜೀಬ್ರಾ ಮುಗಿಬಿತ್ತು, ಗೋಲ್ಡಿಯನ್ ತಿರುಗಿಯೂ ನೋಡಲಿಲ್ಲ. ಬಾಲ್ಕನಿ ಕುಂಡದಲ್ಲಿ ನವಣೆ ಬಿತ್ತಿದ್ದು ಮಾತ್ರ ಲಾಭ. ಎರಡು ತಿಂಗಳಿಗೆ ಹಾಲುಗಾಳಿನ ತೆನೆ, ಅದಕ್ಕೆ ಎಲ್ಲ ಹಕ್ಕಿಗಳೂ ಮುಗಿಬೀಳ್ತವೆ. ರಸ್ತೆ ಬದಿ ಹುಲ್ಲಿನ ತೆನೆ ತರಬೇಡಿ, ಔಷಧಿ ಹೊಡೆದಿರೋದು ಗೊತ್ತಾಗಲ್ಲ.

ಈಗ ಚಳಿ. ಇಲ್ಲಿ ಡಿಸೆಂಬರ್ ಜನವರಿ ರಾತ್ರಿ 15 ಡಿಗ್ರಿ ಸುತ್ತಮುತ್ತ. ಒಳರೂಮಿನಲ್ಲಿ ಮೂರು ಕಡೆ ಮುಚ್ಚಿದ ಪಂಜರ 19, 20ರ ಕೆಳಗೆ ಇಳಿಯಲ್ಲ, ದೊಡ್ಡ ಹಕ್ಕಿಗೆ ಅಷ್ಟು ಸಾಕು. ಸಾಯೋದು ಮರಿಗಳು. ಗೋಲ್ಡಿಯನ್ ತಂದೆತಾಯಿ ಮರಿಗೆ ಒಂಬತ್ತು, ಹತ್ತು ದಿನ ಆಗ್ತಿದ್ದ ಹಾಗೆ ರಾತ್ರಿ ಕಾವು ಕೊಡೋದು ನಿಲ್ಲಿಸ್ತವೆ. ಗರಿ ಬಂದಿರಲ್ಲ, ಬೆಳಿಗ್ಗೆ ನೋಡಿದ್ರೆ ಗೂಡೆಲ್ಲ ತಣ್ಣಗೆ. ಹೀಟರ್ ಬೇಕು ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದ. ನಾನು ಗೂಡುಪೆಟ್ಟಿಗೆ ಆಗಸ್ಟ್ ಕೊನೇಲಿ ಕಟ್ಟಿ, ನವೆಂಬರ್ ಮೊದಲ ವಾರಕ್ಕೆ ತೆಗೆದುಬಿಡ್ತೀನಿ. ಮೊಟ್ಟೆಗೆ ಹದಿನೈದು ದಿನ, ಮರಿ ಹೊರಗೆ ಬರೋಕೆ ಇನ್ನೊಂದು ಮೂರು ವಾರ ಅಂತ ಲೆಕ್ಕ ಹಾಕಿದ್ರೆ ಒಂದು ಸರದಿ ನಿರಾಳ. ಶಿವರಾತ್ರಿ ಕಳೆದ ಮೇಲೆ ಮತ್ತೆ ಕಟ್ಟಬಹುದು, ಆದ್ರೆ ನಾನು ಹೆಣ್ಣಿಗೆ ವಿಶ್ರಾಂತಿ ಕೊಡ್ತೀನಿ.

ಪಟಾಕಿಗಿಂತ ಕತ್ತಲೇ ಅಪಾಯ. ಸದ್ದಾದಾಗ ಕರೆಂಟೂ ಹೋದ್ರೆ ಹಕ್ಕಿ ತಂತಿಗೆ ಹೊಡ್ಕೊಂಡು ಕತ್ತು ಮುರ್ಕೊಳ್ಳುತ್ತೆ. ಇನ್ವರ್ಟರ್‌ಗೆ ಸೇರಿಸಿದ ಝೀರೋ ಬಲ್ಬು ವರ್ಷವಿಡೀ ಉರೀಲಿ. ಸಾಂಬ್ರಾಣಿ, ಸೊಳ್ಳೆ ಬತ್ತಿ, ಕಾದ ನಾನ್‌ಸ್ಟಿಕ್ ತವಾದ ಹೊಗೆ ಹಕ್ಕಿ ಇರೋ ರೂಮಿಗೆ ಹೋಗಬಾರದು.

ಕೊಳ್ಳುವಾಗ ಬೂದು ಬಣ್ಣದ ಮರಿ ಅಗ್ಗ ಅಂತ ತರಬೇಡಿ. ಮೊದಲ ಸಲ ಗರಿ ಬದಲಿಸುವಾಗಲೇ ಹೆಚ್ಚು ಸಾಯೋದು. ಪೂರ್ತಿ ಬಣ್ಣ ಬಂದದ್ದನ್ನೇ ನೋಡಿ. ಕಿವಿ ಹತ್ರ ಹಿಡಿದು ಕೇಳಿ, ಉಸಿರಿನ ಜೊತೆ ಟಿಕ್ ಟಿಕ್ ಬಂದ್ರೆ ಗಾಳಿಚೀಲದ ನುಸಿ (ಉಸಿರಾಟದ ಅಂಗದಲ್ಲಿ ಸೇರ್ಕೊಳ್ಳೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಇರಬಹುದು. ಅದಕ್ಕೆ ಐವರ್ಮೆಕ್ಟಿನ್ ಅನ್ನೋ ಔಷಧಿ ಇದೆ, ಆದ್ರೆ ಹನಿಯ ಲೆಕ್ಕ ಹಕ್ಕಿ ನೋಡೋ ಡಾಕ್ಟರೇ ಹೇಳಬೇಕು. ಅಂಥವರನ್ನ ಹಕ್ಕಿ ತರೋ ಮುಂಚೆಯೇ ಹುಡುಕಿಟ್ಕೊಳ್ಳಿ. ಗೋಲ್ಡಿಯನ್ ಮೊಟ್ಟೆಯನ್ನ ಬೆಂಗಾಲೀಸ್ ಗೂಡಿಗೆ ಇಟ್ಟು ಮರಿ ಸಾಕಿಸೋರಿದ್ದಾರೆ, ಹಾಗಾಗಿ ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ಮರಿಗೆ ಗುಟುಕು ಕೊಟ್ಟಿದ್ದು ತಾಯಿಯಾ, ಬೆಂಗಾಲೀಸಾ? ಬೆಂಗಾಲೀಸ್ ಹೊಟ್ಟೇಲಿ ತಣ್ಣಗೆ ಕೂತಿರೋ ಕೋಕ್ಲೋಸೋಮಾ ಅನ್ನೋ ಪರೋಪಜೀವಿ ಗೋಲ್ಡಿಯನ್ ಮರಿಗೆ ಯಮ. ಅದಕ್ಕೇ ತಾಲೀಮು ಮುಗಿದ ಮೇಲೆ ನನ್ನ ನಾಲ್ಕೂ ಬೆಂಗಾಲೀಸನ್ನ ಸ್ನೇಹಿತರಿಗೆ ಕೊಟ್ಟು, ಪಂಜರ ಹೊಸದು ಮಾಡಿದೆ. ಹೊಸ ಹಕ್ಕಿ ನಲವತ್ತು ದಿನ ಬೇರೆ ರೂಮಿನಲ್ಲಿ, ಅದಕ್ಕೆ ಕಾಳು ಹಾಕೋದು ಎಲ್ಲಕ್ಕಿಂತ ಕೊನೇಲಿ.

ನಾಜೂಕು ಹಕ್ಕಿ ಬೇಕು ಅಂತ ರಾಟವಾಳದ (ಮುನಿಯಾ) ಕಡೆ ಮಾತ್ರ ಕೈ ಹಾಕಬೇಡಿ. ಕೆಂಪು ರಾಟವಾಳ ಆಗಲಿ, ಚುಕ್ಕೆ ರಾಟವಾಳ ಆಗಲಿ ನಮ್ಮ ಕಾಡುಹಕ್ಕಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯೋದು, ಮಾರೋದು, ಸಾಕೋದು ಎಲ್ಲ ಅಪರಾಧ. ಬಣ್ಣ ಬಳಿದು ಬೇರೆ ಹೆಸರಲ್ಲಿ ಮಾರೋರಿದ್ದಾರೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಗೋಲ್ಡಿಯನ್ ಜೋಡಿಗೆ ನಾಲ್ಕು ಸಾವಿರ, ಅಂದ್ರೆ ಎರಡು ಜೋಡಿಗೆ ಎಂಟು. ತಾಲೀಮಿಗೆ ಬೆಂಗಾಲೀಸು, ಪಂಜರ, ತಕ್ಕಡಿ, ಪೆಟ್ಟಿಗೆ, ಹಾಳಾದ ಕಾಳು ಸೇರಿ ಒಂಬತ್ತು ಸಾವಿರ ಚಿಲ್ಲರೆ. ಹಕ್ಕಿಗಿಂತ ತಾಲೀಮೇ ದುಬಾರಿ ಅಂತ ನಕ್ಕವರೊಬ್ಬರು ಅದೇ ಚಳೀಲಿ ಮೂರು ಜೋಡಿ ಕಳ್ಕೊಂಡ್ರು.

ನಾನು ತರಬೇಕು ಅಂದ್ಕೊಂಡಿರೋ ಮುಂದಿನ ಹಕ್ಕಿ ಕಾರ್ಡನ್ ಬ್ಲೂ ಅನ್ನೋ ನೀಲಿ ಫಿಂಚ್. ಮರಿಗೆ ಜೀವಂತ ಹುಳ ಇಲ್ಲದೆ ಅದು ಒಪ್ಪಲ್ಲ, ಹಾಗಾಗಿ ಈಗ ಗೋಧಿ ಬೂಸಾ ಡಬ್ಬೀಲಿ ಮೀಲ್‌ವರ್ಮ್ ಸಾಕೋ ತಾಲೀಮು. ಮೊದಲ ಡಬ್ಬಿಗೆ ಇರುವೆ ಮುತ್ತಿ ಎಲ್ಲ ಹೋಯ್ತು. ಎರಡನೇದನ್ನ ನೀರಿನ ತಟ್ಟೆ ಮಧ್ಯೆ ಇಟ್ಟಿದ್ದೀನಿ, ಆರು ವಾರ ಆಯ್ತು. ಆರು ತಿಂಗಳು ಹುಳ ಕಡಿಮೆ ಬೀಳದಿದ್ರೆ ಹಕ್ಕಿ ವಿಚಾರಿಸ್ತೀನಿ.