ಯುವನಿಧಿ ಮಂಜೂರಾದರೂ ಹಣ ಬಾರದಿದ್ದಾಗ

ಡಿಪ್ಲೊಮಾ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ನನ್ನ ತಂಗಿ ಸೇವಾಸಿಂಧುವಿನಲ್ಲಿ ಯುವನಿಧಿಗೆ ಅರ್ಜಿ ಹಾಕಿದಳು. ಮಂಜೂರಾಯಿತು, ಆದರೆ ತಿಂಗಳ 1,500 ರೂಪಾಯಿ ಬರಲೇ ಇಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಆಧಾರ್ ಲಿಂಕ್ ಆಗಿದೆಯಲ್ಲಮ್ಮ" ಎಂದರು.

ತೊಡಕಿದ್ದದ್ದು ಅಲ್ಲೇ. ಕೆವೈಸಿಗೆ ಆಧಾರ್ ಕೊಡುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆಧಾರ್‌ಗೆ ಒಂದು ಬ್ಯಾಂಕನ್ನು ಜೋಡಿಸುವುದು; ಇದನ್ನೇ ಸೀಡಿಂಗ್ ಎನ್ನುತ್ತಾರೆ) ಬೇರೆ. ಡಿಬಿಟಿ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ಆಧಾರ್‌ಗೆ ಮ್ಯಾಪ್ ಆದ ಖಾತೆಗೇ ಹೋಗುತ್ತದೆ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆರೆದು ನೋಡಿದರೆ ಅವಳಿಗೆ ಯಾವ ಬ್ಯಾಂಕೂ ಮ್ಯಾಪ್ ಆಗಿರಲಿಲ್ಲ. ಅದರ ಪ್ರಿಂಟ್ ಹಿಡಿದು ಹಾಸನದ ಶಾಖೆಯಲ್ಲಿ ಸೀಡಿಂಗ್ ಒಪ್ಪಿಗೆ ಫಾರಂ ಕೊಟ್ಟೆವು. ಸ್ಟೇಟಸ್ ಆ್ಯಕ್ಟಿವ್ ಆದ ಮೇಲೆ ಹಣ ಬಂತು. ಕೆಲಸ ಹುಡುಕುವ ಮಕ್ಕಳಿಗೆ ಅರ್ಜಿ ಶುಲ್ಕಕ್ಕೆ, ಜೆರಾಕ್ಸಿಗೆ ಇದು ನಿಜಕ್ಕೂ ದೊಡ್ಡ ಆಸರೆ.

ಇನ್ನೊಂದು: ಇನ್ನೂ ಕೆಲಸ ಸಿಕ್ಕಿಲ್ಲವೆಂಬ ಸ್ವಯಂಘೋಷಣೆಯನ್ನು ಗಡುವಿನೊಳಗೆ ಸೇವಾಸಿಂಧುವಿನಲ್ಲಿ ಕೊಡುತ್ತಲೇ ಇರಬೇಕು.