ಕೆಂಜಾರಿನ ತಗ್ಗಿನಿಂದ ಓದಿದ ಅಕ್ಷರಗಳು

2013ರ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ: "ವಿಟಿ-ಎಎಕ್ಸ್‌ಎಚ್, ಬೋಯಿಂಗ್ 737-800, ಸಂಜೆ." ವಿಟಿ-ಎಎಕ್ಸ್‌ಎಚ್ ಅಂದರೆ ಒಂದು ವಿಮಾನದ ನೋಂದಣಿ ಅಕ್ಷರಗಳು. ಬರೆದ ದಿನ ಅದೂ ಹತ್ತರಲ್ಲಿ ಒಂದು ಅಷ್ಟೆ.

ವಿಮಾನಗಳನ್ನು ಬರೆದಿಡಲು ಶುರು ಮಾಡಿದ್ದು 2010ರ ಮೇ 22ರ ನಂತರ. ಆ ಬೆಳಿಗ್ಗೆ ದುಬೈಯಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ತೀರಿಕೊಂಡವರ ಹೆಸರುಗಳನ್ನು ದಿನಗಟ್ಟಲೆ ಪತ್ರಿಕೆಯಲ್ಲಿ ಓದಿದೆ. ಆಮೇಲೆ ಆ ವಿಮಾನ ಯಾವುದು, ಎಲ್ಲಿಂದ ಬಂದದ್ದು, ಎಷ್ಟು ಹಳೆಯದು ಅಂತ ತಿಳಿಯಬೇಕು ಅನ್ನಿಸಿತು. ಅದು ವಿಟಿ-ಎಎಕ್ಸ್‌ವಿ. 2008ರ ಜನವರಿಯಲ್ಲಿ ಬಂದದ್ದು, ಎರಡೂವರೆ ವರ್ಷ ಕೂಡ ಆಗಿರಲಿಲ್ಲ.

ನಮ್ಮ ವಿಮಾನ ನಿಲ್ದಾಣ ಗುಡ್ಡೆಯ ತಲೆಯ ಮೇಲಿದೆ. ಬೇರೆ ಊರಿನಲ್ಲಿ ಬೇಲಿಯ ಹತ್ತಿರ ನಿಂತರೆ ವಿಮಾನದ ಪಕ್ಕೆ ಕಾಣುತ್ತದೆ. ಇಲ್ಲಿ ಕೆಂಜಾರಿನ ತಗ್ಗಿನ ರಸ್ತೆಯಲ್ಲಿ ನಿಂತರೆ ಕಾಣುವುದು ಹೊಟ್ಟೆ. ಆದರೆ ಎಡ ರೆಕ್ಕೆಯ ಅಡಿಯಲ್ಲೂ ದೊಡ್ಡ ಅಕ್ಷರದಲ್ಲಿ ನೋಂದಣಿ ಬರೆದಿರುತ್ತಾರೆ. ಹಾಗಾಗಿ ನನಗೆ ಕ್ಯಾಮೆರಾಕ್ಕಿಂತ ಬೈನಾಕ್ಯುಲರ್ ಜಾಸ್ತಿ ಕೆಲಸಕ್ಕೆ ಬಂತು. ದೊಡ್ಡ ಲೆನ್ಸ್ ಹಿಡಿದು ನಿಲ್ದಾಣದ ಸುತ್ತ ಓಡಾಡುವುದು ಬೇಡ. ಪೊಲೀಸರು ಕೇಳಿದರೆ ನೋಟ್‌ಬುಕ್ ತೋರಿಸಿ, ಇಂಥದ್ದು ಮಾಡುತ್ತಿದ್ದೇನೆ ಅಂತ ನೇರ ಹೇಳುತ್ತೇನೆ.

ಕೆಳಗಿನಿಂದ ಓದುವಾಗ ಎಚ್ ಮತ್ತು ಎನ್ ಬಹಳ ಮೋಸ ಮಾಡುತ್ತವೆ. ಎರಡು ಸಲ ತಪ್ಪು ಬರೆದಿದ್ದೇನೆ. ಈಗ ರೆಕ್ಕೆಯ ಅಡಿ ಓದಿದ್ದನ್ನು ಮೂಗಿನ ಚಕ್ರದ ಬಾಗಿಲಿನ ಮೇಲಿನ ಕೊನೆಯ ಅಕ್ಷರಗಳಿಗೆ ತಾಳೆ ನೋಡುತ್ತೇನೆ. ಅದೂ ಕಾಣದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಬಿಡುತ್ತೇನೆ. ಊಹಿಸಿ ಬರೆದ ಸಾಲು ಇಡೀ ಪುಸ್ತಕವನ್ನು ಹಾಳು ಮಾಡುತ್ತದೆ, ಅಲ್ವಾ?

ಒಂದು ವಿಮಾನದ ಜಾತಕ ಬೇಕಿದ್ದರೆ ನೋಂದಣಿ ಮಾತ್ರ ಸಾಲದು. ಮಾಲೀಕರು ಬದಲಾದರೆ, ದೇಶ ಬದಲಾದರೆ ಅದೂ ಬದಲಾಗುತ್ತದೆ. ಹುಟ್ಟಿದಾಗ ಕಾರ್ಖಾನೆ ಕೊಟ್ಟ ಸೀರಿಯಲ್ ನಂಬರ್ ಮಾತ್ರ ಕೊನೆವರೆಗೂ ಅದೇ. 2014ರಲ್ಲಿ ಭಾವನನ್ನು ನೋಡಲು ದುಬೈಗೆ ಹೊರಟಾಗ, 737ರ ಬಾಗಿಲಿನ ಚೌಕಟ್ಟಿನಲ್ಲಿ ಸಣ್ಣ ತಗಡೊಂದು ಕಣ್ಣಿಗೆ ಬಿತ್ತು. ಅದರ ಮೇಲೆ ಸೀರಿಯಲ್ ನಂಬರ್. ಬಗ್ಗಿ ಓದುತ್ತಾ ನಿಂತೆ. ಹಿಂದಿದ್ದ ಅಜ್ಜಿಯೊಬ್ಬರು "ಎಂತ ಮಾರಾಯ, ಒಳಗೆ ಹೋಗು" ಅಂದರು. ಅಂದಿನಿಂದ ವಿಮಾನ ಹತ್ತುವಾಗಲೆಲ್ಲ ಮೊದಲು ಅಲ್ಲಿಗೇ ಕಣ್ಣು ಹೋಗುತ್ತದೆ.

ಹೀಗೆ ಹುಡುಕಿ ಎಎಕ್ಸ್‌ಎಚ್‌ನ ಪುಟ ತುಂಬಿಸಿದೆ. ಸೀರಿಯಲ್ ನಂಬರ್ 36323. 737ರ ಒಡಲು ಅಮೆರಿಕದ ವಿಚಿಟಾದಲ್ಲಿ ತಯಾರಾಗಿ, ರೈಲಿನಲ್ಲಿ ರೆಂಟನ್‌ಗೆ ಬರುತ್ತದೆ. ರೆಕ್ಕೆ, ಎಂಜಿನ್ ಎಲ್ಲ ಅಲ್ಲಿ ಕೂಡಿಸುತ್ತಾರೆ. ಎಎಕ್ಸ್‌ಎಚ್ ಮೊದಲು ಹಾರಿದ್ದು 2006ರ ನವೆಂಬರ್ 15ರಂದು. ಬಜ್ಪೆಯಿಂದ ದುಬೈಗೆ ಮೊದಲ ಅಂತರರಾಷ್ಟ್ರೀಯ ವಿಮಾನ ಹೊರಟದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಹೊಸ 2,450 ಮೀಟರ್ ರನ್‌ವೇ ತೆರೆದದ್ದೂ ಅದೇ ವರ್ಷ. ನಮ್ಮ ಗಲ್ಫ್ ಸಂಚಾರ ಮತ್ತು ಆ ವಿಮಾನ ಒಂದೇ ವಯಸ್ಸಿನವು.

ಗಿಡ್ಡ ರನ್‌ವೇಗೆ ಅಂತಲೇ ಬೋಯಿಂಗ್ ಮಾಡಿದ ಕೆಲವು ಬದಲಾವಣೆಗಳು ಅದರಲ್ಲಿದ್ದವು. ನೆಲ ಮುಟ್ಟಿದ ಕೂಡಲೇ ರೆಕ್ಕೆಯ ಮೇಲಿನ ಸ್ಪಾಯ್ಲರ್‌ಗಳು 60 ಡಿಗ್ರಿವರೆಗೆ ಏಳುತ್ತವೆ. ರೆಕ್ಕೆ ಎತ್ತುವ ಬಲ ಕಳೆದುಕೊಂಡು ಭಾರವೆಲ್ಲ ಚಕ್ರದ ಮೇಲೆ ಬೀಳುತ್ತದೆ, ಬ್ರೇಕ್ ಹಿಡಿಯುತ್ತದೆ. ಬಾಲ ನೆಲಕ್ಕೆ ಉಜ್ಜದಂತೆ ಕಾಯುವ, ಬಾಲದ ಅಡಿಯ ಸ್ಕಿಡ್ ಎರಡು ಹಂತದ್ದು, ಇಳಿಯುವಾಗ ಇನ್ನಷ್ಟು ಕೆಳಗೆ ಚಾಚುತ್ತದೆ. ಈ ಸ್ಕಿಡ್ ಅನ್ನು ನಾನು ತಗ್ಗಿನಿಂದಲೇ ಗುರುತಿಸಿದ್ದೆ. ಹೊಟ್ಟೆ ಮಾತ್ರ ಕಾಣುವ ಜಾಗದ ಲಾಭ ಅದು. ಎಎಕ್ಸ್‌ವಿ ಕೂಡ ಇದೇ ಮಾದರಿಯದು. ಅದರ ಸೀರಿಯಲ್ ನಂಬರ್ 36333. ಅಣ್ಣ ತಮ್ಮಂದಿರ ಹಾಗೆ, ಹತ್ತು ಸಂಖ್ಯೆಯ ಅಂತರ.

2020ರ ಆಗಸ್ಟ್ 7ರ ರಾತ್ರಿ ಟಿವಿಯಲ್ಲಿ ಕೋಝಿಕ್ಕೋಡ್ ವಿಮಾನ ಅಪಘಾತದ ಸುದ್ದಿ ಬಂತು. ದುಬೈಯಿಂದ ಬಂದ ವಿಮಾನ, ಗುಡ್ಡೆಯ ಮೇಲಿನ ರನ್‌ವೇ, ಜೋರು ಮಳೆ. 190 ಜನರಲ್ಲಿ 21 ಜನ ತೀರಿಕೊಂಡರು, ಇಬ್ಬರು ಪೈಲಟ್‌ಗಳೂ ಸೇರಿ. ನಾನು ನೋಡುತ್ತಿದ್ದದ್ದು ಮುರಿದ ಒಡಲಿನ ಮೇಲೆ ನೋಂದಣಿ ಎಲ್ಲಿದೆ ಅಂತ. ಸಿಕ್ಕಿತು. ವಿಟಿ-ಎಎಕ್ಸ್, ಕೊನೆಗೆ ಎಚ್. ಎನ್ ಅಲ್ಲ ತಾನೇ ಅಂತ ಮತ್ತೆ ಮತ್ತೆ ನೋಡಿದೆ. ಎದ್ದು ಹಳೆಯ ನೋಟ್‌ಬುಕ್ ತೆಗೆದೆ. ಹೆಂಡತಿ ಪಕ್ಕದಲ್ಲಿ ಬಂದು ನಿಂತಳು, ಏನೂ ಕೇಳಲಿಲ್ಲ.

ಮುಂದಿನ ವರ್ಷ ತನಿಖಾ ವರದಿ ಬಂತು. ಇಂಥ ವರದಿಯಲ್ಲಿ ವಿಮಾನದ ಬಗ್ಗೆಯೇ ಒಂದು ಭಾಗ ಇರುತ್ತದೆ. ಒಂದು ವಿಮಾನದ ಬಗ್ಗೆ ಅಷ್ಟು ನಂಬುವ ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ. ಸುಮ್ನೆ ಕಾರಣದ ಪುಟಕ್ಕೆ ಹಾರಬೇಡಿ, ಅದನ್ನೂ ಓದಿ. ವರದಿಯ ಪ್ರಕಾರ ಆ ರಾತ್ರಿ ಹಿಂದಿನಿಂದ ಗಾಳಿ ಬೀಸುತ್ತಿತ್ತು. ಚಕ್ರ ನೆಲ ಮುಟ್ಟುವಾಗ 2,700 ಮೀಟರಿನ ರನ್‌ವೇಯಲ್ಲಿ ಸುಮಾರು ಅರ್ಧ ಮುಗಿದಿತ್ತು.

ಆ ಪುಟದ ಕೊನೆಗೆ ತಾರೀಕು ಬರೆದು ಕೆಳಗೆ ಗೆರೆ ಎಳೆದೆ. ಅಪಘಾತದ ವಿಮಾನದ ಲೆಕ್ಕ ಇಡುವುದು ಅಪಶಕುನ ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಹಾಗೆ ಅನ್ನಿಸುವುದಿಲ್ಲ. 13 ವರ್ಷ ಹತ್ತಿರ ಹತ್ತಿರ 14 ವರ್ಷ ಅದು ಊರಿನವರನ್ನು ದುಡಿಯುವ ಊರಿಗೆ ಮುಟ್ಟಿಸಿ ವಾಪಸ್ ತಂದಿದೆ. ಆ ದಿನಗಳನ್ನೂ ಯಾರಾದರೂ ಬರೆದಿಡಬೇಕು.

ಈಗ ನನ್ನ ಪುಸ್ತಕದಲ್ಲಿ ಎರಡು ಕಾಲಂ ಜಾಸ್ತಿ ಇವೆ: ಮಳೆ, ಗಾಳಿ ಯಾವ ಕಡೆಯಿಂದ. 2013ರ ಆ ಸಾಲಿನಲ್ಲಿ ಇವೆರಡೂ ಇಲ್ಲ. ಆ ಸಂಜೆ ಮಳೆ ಇತ್ತೇ ಅಂತ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.